ಆಡಿನ ನಾಡಿ

"ಆ ಯಂತ್ರ ತಿರುಗಿಸ್ರಿ ಅಂದ್ರ ತಿರುಗಿಸ್ರಿ! ದೊಡ್ಡಿ ಅಗದು ಏನ್ ಮಾಡ್ತೀರಿ? ಹೆಣ್ಮಕ್ಕಳು ವಾಡೇದಾಗ ಅದಾರ!"

"ಕೂಗಬೇಡಿ ಜಗದೇವಿ. ವಾಡೆಯಲ್ಲಿ ಒಂದೇ ಒಂದು ನಾಡಿಯೂ ಇಲ್ಲ. ಪರದೆ ನೋಡಿ."

"ನಿಮ್ಮ ಪರದೆ ಹಾಳಾಗಿ ಹೋಗ್ಲಿ!"

"ಆ ಪರದೆ ನೋಡೋಕೇ ನಿಮ್ಮನ್ನ ಇಲ್ಲಿ ಕೂರಿಸಿರೋದು. ಹೋಗಿ, ನಿಮ್ಮ ಕುರ್ಚಿಯಲ್ಲಿ ಕೂತ್ಕೊಳ್ಳಿ. ಇಲ್ಲಾಂದ್ರೆ ಹೊರಗೆ ನಡೀರಿ."

ನಾನು ಕೂರಲಿಲ್ಲ. ಹೊರಗೂ ಹೋಗಲಿಲ್ಲ. ನಮ್ಮ ಮೇಲಧಿಕಾರಿ ಸುಧನ್ವ ಸಾಹೇಬರ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಜಿಲ್ಲಾ ಪರಿಹಾರ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಇನ್ನೂ ಹನ್ನೆರಡು ಜನ ಇದ್ದರು. ಎಲ್ಲರೂ ಕಿವಿಗೆ ಹಾಕಿದ್ದನ್ನು ತೆಗೆದು ನಮ್ಮ ಕಡೆ ನೋಡುತ್ತಿದ್ದರು.

ಭೂಮಿ ಅಲುಗಿ ಐವತ್ತು ನಿಮಿಷ ಆಗಿತ್ತು. ನಮ್ಮ ಕಟ್ಟಡದ ಅಡಿಪಾಯದಲ್ಲಿ ರಬ್ಬರಿನ ದಿಂಬುಗಳಿದ್ದವು. ಹಾಗಾಗಿ ಮೇಜಿನ ಮೇಲಿನ ಚಹಾ ಕೂಡ ಚೆಲ್ಲಿರಲಿಲ್ಲ. ಹೊರಗೆ ಮುನ್ನೂರು ಹಳ್ಳಿ ನೆಲಕ್ಕೆ ಕುಂತಿದ್ದವು. ಅದರಲ್ಲಿ ತೊಗರಿಹಾಳ ಒಂದು. ಅದು ನನ್ನ ತವರು. ನನ್ನ ತಂಗಿ ಶಿವಲೀಲಾಳನ್ನು ಊರೊಳಗೇ ಕೊಟ್ಟಿದ್ದೇವೆ.

ನನ್ನ ಕೆಲಸ ಫೋನಿನದು. ನಮ್ಮ ಭಾಗದ ಮುದುಕರು ಅಳುತ್ತಾ ಮಾತಾಡಿದರೆ ಯಂತ್ರಕ್ಕೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ. ಏಳನೇ ಇಯತ್ತೆ ಓದಿದವಳಿಗೆ ಆ ಕುರ್ಚಿ ಸಿಕ್ಕಿದ್ದು ಅದಕ್ಕೇ. ಹತ್ತು ನಿಮಿಷದ ಹಿಂದೆ ತೊಗರಿಹಾಳದ ತಳವಾರ ಅಂಬಣ್ಣನ ಫೋನು ಬಂದಿತ್ತು.

"ಜಗದೇವಿ ಏನವ್ವ? ವಾಡೆ ಕುಂತದ. ಪೂರಾ ಕುಂತದ. ಹೆಣ್ಮಕ್ಕಳು ನೆಲಮಾಳಿಗ್ಯಾಗ ಅದಾರ. ಶಾವಿಗಿ ಹೊಸಿಲಿಕ್ಕ ಇಳಿದಿದ್ರು. ಇಪ್ಪತ್ಮೂರು ಮಂದಿ. ನಿನ್ನ ತಂಗಿನೂ ಅದಾಳ."

"ಗಂಡಸರು?"

"ಎಲ್ಲಾರೂ ಗಣಿಗಿ ಹೋಗ್ಯಾರ. ನಾವು ಮುದುಕರು ಏಳೆಂಟು ಮಂದಿ ಮಕ್ಕಳನ್ನ ಕಟಗೊಂಡು ಕಟ್ಟಿ ಮ್ಯಾಲ ಕುಂತಿದ್ವಿ, ಬದುಕಿದ್ವಿ. ಕಲ್ಲು ಎತ್ತೋ ಶಕ್ತಿ ಎಲ್ಲದವ್ವ ನಮಗ?"

ನಾನು ಅದನ್ನು ದಾಖಲಿಸಿದೆ. ಕೂಡಲೇ ಪರದೆಯ ಮೇಲೆ ಉತ್ತರ ಬಂತು. ಗಾಬರಿಯ ಕರೆ. ಸ್ಥಳದಲ್ಲಿ ನಾಡಿ ಇಲ್ಲ. ತೊಗರಿಹಾಳದ ಮಹಿಳೆಯರಲ್ಲಿ ಆರು ಮಂದಿ ಊರ ಹೊರಗಿನ ದೊಡ್ಡಿಯ ಗೋಡೆಯಡಿ ಸಿಕ್ಕಿದ್ದಾರೆ, ಉಳಿದವರು ಹೊಲದ ಕಡೆ ಸುರಕ್ಷಿತವಾಗಿ ನಡೆಯುತ್ತಿದ್ದಾರೆ. ಯಂತ್ರವೊಂದು ದೊಡ್ಡಿಗೆ ಹೊರಟಿದೆ.

ಇಡೀ ಕೋಣೆಯಲ್ಲಿ ಆ ಉತ್ತರ ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಯಾಕೆ ಸುಳ್ಳು ಎಂದು ಹೇಳಿದರೆ ಇಡೀ ಊರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಹೇಳದಿದ್ದರೆ ಇಪ್ಪತ್ತಮೂರು ಮಂದಿ ಹೂತುಹೋಗುತ್ತಿದ್ದರು.

ಈ ಪರದೆಗೆ ಅಷ್ಟು ಬೆಲೆ ಯಾಕೆ ಬಂತು ಎಂದು ಮೊದಲು ಹೇಳುತ್ತೇನೆ. ಹನ್ನೆರಡು ವರ್ಷದ ಹಿಂದಿನ ಭೂಕಂಪದಲ್ಲಿ ಮಣ್ಣು ತೆಗೆಯುವ ಯಂತ್ರಗಳು ಎಲ್ಲಿಗೆ ಹೋದವು ಎಂಬುದು ನಮ್ಮ ಭಾಗದ ಎಲ್ಲರಿಗೂ ಗೊತ್ತು. ಯಾರ ಫೋನು ಜೋರೋ ಅವರ ಬೀದಿಗೆ. ಒಬ್ಬ ಮುಖಂಡನ ಗೋದಾಮಿನಲ್ಲಿ ಹುಗಿದುಹೋದ ಸಿಮೆಂಟ್ ಚೀಲ ತೆಗೆಯಲು ಎರಡು ಯಂತ್ರ ಒಂದು ಹಗಲು ದುಡಿದವು. ಅದೇ ಹಗಲು ಹಿಂದಿನ ಓಣಿಯಲ್ಲಿ ಕಲ್ಲಿನಡಿ ಸಿಕ್ಕವರು ಕೂಗಿ ಕೂಗಿ ಸುಮ್ಮನಾದರು. ಸತ್ತವರ ಹೆಸರಿನಲ್ಲಿ ತಾಡಪತ್ರಿ ಎತ್ತಿಕೊಂಡು ಹೋದವರೂ ಇದ್ದರು. ಸುಧನ್ವ ಸಾಹೇಬರು ಆಗ ಮೈಸೂರಿನ ಕಡೆಯ ಕಾಲೇಜು ಹುಡುಗ. ಸಹಾಯಕ್ಕೆಂದು ಬಂದು ಅದೇ ಓಣಿಯಲ್ಲಿ ಬರಿಗೈಯಲ್ಲಿ ಮಣ್ಣು ಬಗೆದಿದ್ದರು. ಆ ಸಿಟ್ಟಿನಲ್ಲೇ ಅವರು ಮಿಡಿತವನ್ನು ಕಟ್ಟಿದ್ದು.

ಮಿಡಿತ ಎಂದರೆ ಎಲ್ಲರ ಮಣಿಕಟ್ಟಿಗೂ ಒಂದು ಪಟ್ಟಿ, ಆ ಪಟ್ಟಿಗಳ ಮಾತು ಕೇಳುವ ಒಂದು ದೊಡ್ಡ ಗಣಕ. ಪಟ್ಟಿಯೊಳಗಿನ ಹಸಿರು ಬೆಳಕು ಚರ್ಮದಡಿ ರಕ್ತ ಏರಿಳಿಯುವುದನ್ನು ನೋಡುತ್ತದೆ. ಮೈಯ ಬಿಸಿ ಅಳೆಯುತ್ತದೆ. ಹತ್ತು ಮೀಟರ್ ಮಣ್ಣಿನಡಿಯಿಂದಲೂ ಸುದ್ದಿ ಕಳಿಸುತ್ತದೆ. ಎಲ್ಲಿ ಎಷ್ಟು ನಾಡಿ ಬಡಿಯುತ್ತಿವೆ, ಯಾವುದು ಕುಗ್ಗುತ್ತಿದೆ ಎಂದು ಲೆಕ್ಕ ಹಾಕಿ ಗಣಕ ಯಂತ್ರಗಳಿಗೆ ಸರದಿ ಕೊಡುತ್ತದೆ. ಮಂತ್ರಿ ಫೋನು ಮಾಡಿದರೂ ಸರದಿ ಬದಲಾಗುವುದಿಲ್ಲ. ಇದು ಒಳ್ಳೆಯ ಕೆಲಸ. ನಾನು ಇಂದಿಗೂ ಹಾಗೇ ಹೇಳುತ್ತೇನೆ.

ಆದರೆ ಒಳ್ಳೆಯ ಕೆಲಸಕ್ಕೆ ನಿಯಮಗಳು ಅಂಟಿಕೊಂಡವು. ದಿನಕ್ಕೆ ಆರು ತಾಸು ಪಟ್ಟಿಯಲ್ಲಿ ಜೀವವೂ ಓಡಾಟವೂ ಕಾಣಬೇಕು, ಇಲ್ಲದಿದ್ದರೆ ರೇಷನ್ ನಿಲ್ಲುತ್ತದೆ. ಅಪಾಯದ ಕಟ್ಟಡ ಎಂದು ಗುರುತು ಮಾಡಿದ ಜಾಗಕ್ಕೆ ಪಟ್ಟಿ ಕಟ್ಟಿಕೊಂಡು ಹೋದರೂ ರೇಷನ್ ನಿಲ್ಲುತ್ತದೆ. ತೊಗರಿಹಾಳದಲ್ಲಿ ಅಂಥ ಗುರುತು ಬಿದ್ದದ್ದು ಹಳೇ ದೇಸಾಯರ ವಾಡೆಗೆ, ಅವರ ಕೋಟೆಯಂಥ ಮನೆಗೆ. ದೇಸಾಯರು ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. ವಾಡೆಯ ಅಡಿಯಲ್ಲಿ ಕಮಾನಿನ ನೆಲಮಾಳಿಗೆ ಇತ್ತು. ಬೇಸಿಗೆಯಲ್ಲಿ ನಮ್ಮೂರ ಬಿಸಿಲು ನಲವತ್ತೇಳು, ನಲವತ್ತೆಂಟು. ಪರ್ಸಿ, ಅಂದರೆ ಚಪ್ಪಡಿ ಕಲ್ಲು ಹೊದಿಸಿದ ಮನೆಗಳು ಮಧ್ಯಾಹ್ನ ರೊಟ್ಟಿ ಹಂಚಿನ ಹಾಗೆ ಕಾಯುತ್ತವೆ. ಊರಿಗೆಲ್ಲ ತಂಪಾದ ಜಾಗ ಆ ನೆಲಮಾಳಿಗೆ ಒಂದೇ. ನಮ್ಮ ಅವ್ವ, ಅವಳ ಅತ್ತೆ ಎಲ್ಲರೂ ಬೇಸಿಗೆಯ ಶಾವಿಗೆ, ಹಪ್ಪಳ ಮಾಡಿದ್ದು ಅಲ್ಲೇ.

ಹೋಗಬಾರದು ಎಂದು ಮಿಡಿತ ಹೇಳಿತು. ಹೆಣ್ಣುಮಕ್ಕಳು ಪಟ್ಟಿ ಬಿಚ್ಚಿಟ್ಟು ಹೋದರು. ಪಟ್ಟಿ ಸುಮ್ಮನೆ ಗೂಟಕ್ಕೆ ನೇತುಹಾಕಿದರೆ ಜೀವ ಕಾಣುವುದಿಲ್ಲವಲ್ಲ. ಅದಕ್ಕೇ ಆಡಿನ ಕಿವಿಗೆ ಕಟ್ಟಿದರು.

ನಗಬೇಡಿ. ಇದು ಚೆನ್ನಾಗಿ ನಡೆಯಿತು. ಆಡಿನ ನಾಡಿ ನಿಮಿಷಕ್ಕೆ ಎಪ್ಪತ್ತು, ಎಂಬತ್ತು, ಹೆಚ್ಚುಕಡಿಮೆ ನಮ್ಮದೇ ಲೆಕ್ಕ. ಕಿವಿ ತೆಳ್ಳಗಿರುತ್ತದೆ, ಹಸಿರು ಬೆಳಕು ನಮ್ಮ ಮೊರಡು ಮಣಿಕಟ್ಟಿಗಿಂತ ಅಲ್ಲಿ ಸಲೀಸಾಗಿ ಇಳಿಯುತ್ತದೆ. ಮೈ ಬಿಸಿ ಮಾತ್ರ ಒಂದೆರಡು ಡಿಗ್ರಿ ಜಾಸ್ತಿ. ತೊಗರಿಹಾಳದ ಹೆಂಗಸರಿಗೆ ಬೇಸಿಗೆಯುದ್ದಕ್ಕೂ ಸಣ್ಣ ಜ್ವರ ಎಂದು ತಿಳಿದು ಮಿಡಿತ ತಿಂಗಳಿಗೊಮ್ಮೆ ಜ್ವರದ ಗುಳಿಗೆಯ ಡಬ್ಬಿ ಕಳಿಸುತ್ತಿತ್ತು. ಆಡು ಕಾಯುವ ಮಾಳಪ್ಪ ದಿನಾ ಮೂರು ಹರದಾರಿ ಮೇಯಿಸಿ ತರುತ್ತಿದ್ದ. ಅದಕ್ಕೆ ಜಿಲ್ಲೆಯಲ್ಲೇ ಅತ್ಯಂತ ಚುರುಕಾಗಿ ಓಡಾಡುವ ಮಹಿಳೆಯರ ಊರು ಎಂದು ಒಂದು ಪ್ರಶಸ್ತಿ ಪತ್ರವೂ ಬಂದಿತ್ತು. ಪಂಚಾಯಿತಿ ಗೋಡೆಗೆ ಅದನ್ನು ತೂಗುಹಾಕಿದ್ದರು.

ಹೋದ ಬೇಸಿಗೆಯಲ್ಲಿ ಪಟ್ಟಿಗಳ ವಾರ್ಷಿಕ ತಪಾಸಣೆಗೆ ನಮ್ಮೂರಿಗೆ ನನ್ನನ್ನೇ ಕಳಿಸಿದ್ದರು. ಮನೆಗಳಲ್ಲಿ ಒಬ್ಬ ಹೆಂಗಸೂ ಕಾಣದೆ ನಾನು ನೇರ ನೆಲಮಾಳಿಗೆಗೆ ಇಳಿದೆ. ಎಲ್ಲರೂ ಇದ್ದರು. ನಡುವೆ ಹಿಟ್ಟಿನ ಪರಾತ, ಸುತ್ತ ಶಾವಿಗೆ ಮಣೆಗಳು. ಶಿವಲೀಲಾಳ ಮೊಣಕೈ ತನಕ ಹಿಟ್ಟು.

"ಪಟ್ಟಿ ಎಲ್ಲದ ಶಿವಲೀಲಾ?" ಎಂದೆ.

"ಮೇಯಲಿಕ್ಕ ಹೋಗ್ಯದ."

ಕಮಾನು ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಮೂಲೆಯಲ್ಲಿ ಕುಂತಿದ್ದ ಲಾಲಬಿ ಚಾಚಿ ಕೈ ಮೇಲೆ ಮಾಡಿದಳು. "ನಂದು ಕೇಳವ್ವ. ನಾ ಗಬ್ಬದ ಆಡಿಗಿ ಕಟ್ಟಿದ್ನಲ್ಲ, ಮೊನ್ನೆ ದವಾಖಾನಿ ಹುಡುಗಿ ಬಂದು ನನ್ನ ಬಗಲಾಗ ಕುಂತು, ಎಷ್ಟು ತಿಂಗಳು ಅಂತ ಕೇಳಿದಳು. ಕಬ್ಬಿಣದ ಗುಳಿಗಿ ಕೊಟ್ಟು ಹೋಗ್ಯಾಳ. ಅರವತ್ತೆರಡರಾಗ ನನಗ ಈ ಭಾಗ್ಯ!"

ನನಗೂ ನಗು ಬಂತು. ಆದರೂ ಬೈದೆ. "ನಾಳೆ ಏನಾರ ಆದ್ರ ನಿಮ್ಮನ್ನ ಎಲ್ಲಿ ಹುಡುಕಬೇಕು? ಆಡಿನ ಹಿಂದ ಓಡಬೇಕೇನು?"

"ಏನಾರ ಆದ್ರ ನೀ ಅಲ್ಲಿ ಕುಂತೀಯಲ್ಲಕ್ಕ," ಅಂದಳು ಶಿವಲೀಲಾ. ಹಿಟ್ಟಿನಿಂದ ತಲೆ ಎತ್ತಲೂ ಇಲ್ಲ. "ನೀ ಹೇಳ್ತೀ, ಅವರು ಕೇಳ್ತಾರ."

ನಾನು ಮೇಲೆ ಬಂದು ಎಲ್ಲ ಪಟ್ಟಿಗಳೂ ಸರಿ ಇವೆ ಎಂದು ಸಹಿ ಹಾಕಿದೆ.

ಈಗ ಅದೇ ಮಾತನ್ನು ಸುಧನ್ವ ಸಾಹೇಬರ ಮುಂದೆ ಹೇಳಬೇಕಿತ್ತು. ಹೇಳಿದೆ.

"ದೊಡ್ಡಿಯಾಗ ಇರೋ ಆರು ನಾಡಿ ಹೆಂಗಸರದಲ್ಲ ಸಾಹೇಬ್ರ. ಆಡಿನವು."

ಅವರಿಗೆ ತಿಳಿಯಲಿಲ್ಲ. ಎರಡನೇ ಸಲ ಹೇಳಿದೆ. ಮೂರನೇ ಸಲ ಹೇಳುವಾಗ ಅವರ ಮುಖದಲ್ಲಿ ರಕ್ತ ಇರಲಿಲ್ಲ.

"ಎಷ್ಟು ಪಟ್ಟಿ?"

"ಹೆಣ್ಮಕ್ಕಳವು ಬಹಳ ಮಟ್ಟಿಗೆ ಎಲ್ಲಾ."

"ಎಷ್ಟು ವರ್ಷದಿಂದ?"

"ನಾಲ್ಕು ಬೇಸಿಗಿ."

"ತಪಾಸಣೆಗೆ ಸಹಿ ಮಾಡಿದವರು ಯಾರು?"

"ನಾನು."

ಅವರು ಕುರ್ಚಿಯಿಂದ ಎದ್ದರು. "ವಾಡೆ ಅಪಾಯದ ಕಟ್ಟಡ ಅಂತ ಮಿಡಿತ ಹೇಳಿತ್ತು. ಹೇಳಿತ್ತೋ ಇಲ್ಲವೋ? ಬೀಳುತ್ತೆ ಅಂತ ಹೇಳಿದ್ದು ಇವತ್ತು ಬಿತ್ತು. ಯಾರು ಸರಿ? ನೀವೋ, ಅದೋ?"

"ಅದೇ ಸರಿ. ಹೋಗಬ್ಯಾಡ್ರಿ ಅಂತ ಹೇಳ್ತು. ಅದರ ಬದಲಿ ತಣ್ಣಗಿರೋ ಒಂದು ಖೋಲಿ ಕಟ್ಟಿ ಕೊಡ್ತೇನು? ನಲವತ್ತೆಂಟು ಡಿಗ್ರಿ ಬಿಸಿಲಾಗ ಮಕ್ಕಳನ್ನ ಕಟಗೊಂಡು ಎಲ್ಲಿ ಕೂಡಬೇಕಾಗಿತ್ತು ಅವರು? ನಿಮ್ಮ ಈ ಖೋಲ್ಯಾಗೇನು?"

ಅವರು ಕುರ್ಚಿ ಎಳೆದುಕೊಂಡರು. ಕುಂತು ನನ್ನ ಹೇಳಿಕೆಯನ್ನು ಒಂದಕ್ಷರ ಬಿಡದೆ ಮಿಡಿತಕ್ಕೆ ಬರೆದು ಹಾಕಿದರು. ಆಮೇಲೆ ಆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅವರೂ ನಿರೀಕ್ಷಿಸಿರಲಿಕ್ಕಿಲ್ಲ.

ಪರದೆಯಲ್ಲಿ ಪ್ರತಿ ಊರಿನ ಹೆಸರಿನ ಪಕ್ಕ ನಂಬಿಕೆಯ ಅಂಕ ಎಂದು ಒಂದು ಸಂಖ್ಯೆ ಇರುತ್ತದೆ. ತೊಗರಿಹಾಳದ್ದು ತೊಂಬತ್ತೇಳು ಇತ್ತು. ಅದು ನಾಲ್ಕಕ್ಕೆ ಬಂತು. ಯಂತ್ರ ಆಗಲೇ ನಮ್ಮೂರಿನ ಹಾದಿಯಲ್ಲಿ ಅರ್ಧ ದೂರ ಹೋಗಿತ್ತು. ಅದನ್ನು ತೋರಿಸುವ ಕೆಂಪು ಚುಕ್ಕೆ ನಿಂತಿತು, ತಿರುಗಿತು, ಬಿಳಿಗುಂಡ ಎಂಬ ಊರಿನ ಕಡೆ ಹೊರಟಿತು.

"ಇದೇನಿದು?" ಎಂದೆ.

"ಬಿಳಿಗುಂಡದಲ್ಲಿ ಒಂಬತ್ತು ನಾಡಿ ಇದೆ. ನಿಮ್ಮೂರಲ್ಲಿ ಯಾವ ನಾಡಿ ನಿಜ ಅಂತ ಈಗ ಮಿಡಿತಕ್ಕೆ ಗೊತ್ತಿಲ್ಲ. ನಿಮ್ಮೂರು ಸರದಿಯಲ್ಲಿ ಇನ್ನೂರ ತೊಂಬತ್ತೊಂದನೇದು."

"ನಾ ನಿಜ ಹೇಳೀನಿ ಸಾಹೇಬ್ರ! ಈಗ ನಿಜ ಹೇಳೀನಿ!"

"ನಾಲ್ಕು ವರ್ಷ ಸುಳ್ಳು ಹೇಳಿದೀರಿ. ಬಿಳಿಗುಂಡದವರು ಪಟ್ಟಿ ಬಿಚ್ಚಿಲ್ಲ. ಅವರನ್ನ ಸಾಯೋಕೆ ಬಿಟ್ಟು ನಿಮ್ಮೂರಿಗೆ ಬರಬೇಕಾ? ನೀವೇ ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ."

ನಾನು ನನ್ನ ಕುರ್ಚಿಗೆ ಹೋದೆ.

ನಮ್ಮೂರ ಗಂಡಸರು ದುಡಿಯುವ ಪರ್ಸಿ ಗಣಿ ಊರಿಗೆ ನಾಲ್ಕು ಹರದಾರಿ ದೂರ. ಶಿವಲೀಲಾಳ ಗಂಡ ಬಂಡೆಪ್ಪ ಅಲ್ಲಿ ಮುಕಾದಮ, ಆಳುಗಳ ಮೇಲ್ವಿಚಾರಕ. ಭೂಮಿ ಅಲುಗಿದ ಕೂಡಲೇ ಮಿಡಿತ ಎಲ್ಲ ರಸ್ತೆಗಳ ಅಡ್ಡಗೋಲು ಇಳಿಸಿತ್ತು. ಪರಿಹಾರದ ಗಾಡಿಗಳಿಗೆ ದಾರಿ ಖಾಲಿ ಇರಬೇಕು ಎಂದು, ಉಳಿದವರು ಇದ್ದಲ್ಲೇ ಇರಬೇಕು ಎಂದು. ನಾನು ಅವನಿಗೆ ಫೋನು ಹಚ್ಚಿದೆ.

"ಬಂಡೆಪ್ಪ, ಎಲ್ಲಿದ್ದಿ?"

"ಗೋಲಿನ ಮುಂದ ನಿಂತೀವಿ ಅಕ್ಕಾ. ಬಿಡವಲ್ದು. ಗೋಲು ಮುರದು ಹೋದ್ರ ಗಾಡಿ ಬಂದ್ ಬೀಳ್ತದಂತ. ಊರಿನ ಸುದ್ದಿ ಏನು?"

ಹೇಳಿದೆ. ಅವನು ಸುದ್ದಿಯನ್ನು ಉಳಿದವರಿಗೆ ಕೂಗಿ ಹೇಳಿದ್ದು ಕೇಳಿಸಿತು.

"ಎಷ್ಟು ಮಂದಿ ಇದ್ದೀರಿ?"

"ಐವತ್ತೆಂಟು."

"ಎಲ್ಲರ ಕಾಲು ಮುರದಾವ."

"ಏನಂದಿ?"

"ಕಾಲು ಮುರದಾವ ಅಂತ ತಿಳ್ಕೋ! ಹಾರಿ, ಜಾಕು, ಸರಪಳಿ ಎಲ್ಲಾ ಹೇರಿಕೊಂಡು ಟ್ರ್ಯಾಕ್ಟರ್ ಹತ್ರಿ. ಯಾರೂ ನಗಬ್ಯಾಡ್ರಿ, ಯಾರೂ ಇಳೀಬ್ಯಾಡ್ರಿ."

ಫೋನಿನ ಕುರ್ಚಿಯಲ್ಲಿ ಕುಂತವರಿಗೆ ಒಂದೇ ಒಂದು ಅಧಿಕಾರ ಇತ್ತು. ಗಾಯಾಳುಗಳಿಗೆ ರಸ್ತೆ ಚೀಟಿ ಕೊಡುವುದು. ಹೃದಯದ ತೊಂದರೆ ಎಂದು ಬರೆದರೆ ಪಟ್ಟಿ ಅದನ್ನು ಸುಳ್ಳು ಎನ್ನುತ್ತದೆ. ಜ್ವರ ಎಂದರೂ ಸುಳ್ಳು ಎನ್ನುತ್ತದೆ. ಆದರೆ ಎಲುಬು ಮುರಿದದ್ದು ನಾಡಿಯಲ್ಲಿ ಕಾಣುವುದಿಲ್ಲ. ಸಂಕಟಕ್ಕೆ ನಾಡಿ ಜೋರಾಗುತ್ತದೆ ಅಷ್ಟೇ. ಹೆಂಡತಿ, ತಾಯಿ ಮಣ್ಣಿನಡಿ ಇದ್ದಾರೆ ಎಂದು ಈಗಷ್ಟೇ ಕೇಳಿದ ಐವತ್ತೆಂಟು ಗಂಡಸರ ನಾಡಿ ಹೇಗಿರಬೇಡ! ನಾನು ಒಂದೊಂದೇ ಹೆಸರು ಹೊಡೆದೆ. ಎಡಗಾಲು, ಬಲಗಾಲು, ಎಡಗಾಲು. ಬಂಡೆಪ್ಪನಿಗೆ ಎರಡೂ ಕಾಲು. ನಿಜ ಹೇಳಿದಾಗ ಯಂತ್ರ ತಿರುಗಿಸಿಕೊಂಡು ಹೋದ ಮಿಡಿತ, ಸುಳ್ಳು ಹೇಳಿದಾಗ ಗೋಲು ಎತ್ತಿ ದಾರಿ ಬಿಟ್ಟಿತು.

ಇಪ್ಪತ್ತು ನಿಮಿಷಕ್ಕೆ ಸಾಹೇಬರ ಕಣ್ಣಿಗೆ ಬಿತ್ತು. ಐವತ್ತೆಂಟು ಗಾಯಾಳುಗಳ ಚುಕ್ಕೆಗಳು ದವಾಖಾನೆಗೆ ಬೆನ್ನು ಹಾಕಿ ತೊಗರಿಹಾಳದ ಕಡೆ ಓಡುತ್ತಿದ್ದವು.

"ಜಗದೇವಿ! ಇದೇನು ಮಾಡಿದೀರಿ? ಈ ರಸ್ತೆಯಲ್ಲಿ ಇನ್ನು ಅರ್ಧ ಗಂಟೆಗೆ ಔಷಧದ ಗಾಡಿ ಹೋಗಬೇಕು!"

"ಅರ್ಧ ತಾಸಿನಾಗ ಅವರು ಮುಟ್ಟಿರ್ತಾರ. ರಸ್ತೆ ಖಾಲಿ ಇರ್ತದ."

"ಚೀಟಿ ರದ್ದು ಮಾಡ್ತೀನಿ."

"ಮಾಡ್ರಿ."

ಅವರು ರದ್ದತಿಯ ಗುಂಡಿ ಒತ್ತಿದರು. ಪರದೆಯ ಮೇಲೆ ಒಂದು ಖಾಲಿ ಸಾಲು ಬಂತು. ಕಾರಣ ಬರೆಯಿರಿ. ಅವರೇ ಮಾಡಿದ ನಿಯಮ ಅದು, ಯಾರೂ ಸುಮ್ಮಸುಮ್ಮನೆ ಯಾರ ದಾರಿಯನ್ನೂ ತಡೆಯಬಾರದು ಎಂದು. ಅವರು ಬೆರಳು ಗುಂಡಿಗಳ ಮೇಲಿಟ್ಟುಕೊಂಡು ಕುಂತರು. ನಾನು ಅವರ ಹಿಂದೆ ನಿಂತಿದ್ದೆ. ಗಾಯಾಳುಗಳಲ್ಲ ಎಂದು ಬರೆದರೆ ಸಾಕಿತ್ತು. ಒಂದೇ ಪದ. ಅವರು ಬರೆಯಲಿಲ್ಲ. ಬಿಳಿಗುಂಡದಿಂದ ಕರೆ ಬಂತು, ಎದ್ದು ಆ ಕಡೆ ಹೋದರು.

ಮುಂದಿನ ಮೂರೂವರೆ ತಾಸು ನಾನು ಒಂದು ಕಿವಿಯಲ್ಲಿ ಬೇರೆ ಊರುಗಳ ಕರೆ ತೆಗೆದುಕೊಂಡೆ, ಇನ್ನೊಂದರಲ್ಲಿ ಅಂಬಣ್ಣನ ಫೋನು. ಅವನು ಅದನ್ನು ವಾಡೆಯ ಕಲ್ಲಿನ ಮೇಲೆ ಇಟ್ಟಿದ್ದ.

ಪರ್ಸಿ ಕಲ್ಲು ತೆಗೆಯುವವರಿಗೆ ಒಂದು ರೂಢಿ ಇದೆ. ಹಾರೆ ಹಾಕುವ ಮೊದಲು ಕಲ್ಲನ್ನು ಬಡಿದು ಕೇಳುತ್ತಾರೆ. ಗಟ್ಟಿ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಬಿರುಕು ಬಿಟ್ಟದ್ದು ಒಡಕು ಗಡಿಗೆಯ ಹಾಗೆ. ಅಡಿಯಲ್ಲಿ ಪೊಳ್ಳಿದ್ದರೆ ಸದ್ದು ಒಳಗೆ ಇಳಿದುಹೋಗುತ್ತದೆ. ಯಾವ ಚಪ್ಪಡಿ ಯಾವುದರ ಮೇಲೆ ಕುಂತಿದೆ, ಯಾವುದನ್ನು ಎತ್ತಿದರೆ ಯಾವುದು ಜಾರುತ್ತದೆ ಎಂದು ಅವರು ಕಿವಿಯಿಂದಲೇ ಹೇಳುತ್ತಾರೆ. ಬಂಡೆಪ್ಪನ ದನಿ ಕೇಳಿಸುತ್ತಿತ್ತು. "ಇದನ್ನ ಮುಟ್ಟಬ್ಯಾಡ್ರಿ. ಅದರ ಅಡಿಗಿ ಜಾಕು ಕೊಡು. ಹಂಗ. ಸುಮ್ಮನಿರ್ರಿ ಎಲ್ಲಾರೂ, ಸುಮ್ಮನಿರ್ರಿ!" ಆಮೇಲೆ ಸುತ್ತಿಗೆಯ ಸದ್ದು. ಟಣ್. ಟಣ್. ಆಮೇಲೆ ಏನೂ ಇಲ್ಲ.

ಆ ಏನೂ ಇಲ್ಲದ್ದರೊಳಗಿಂದ ಸಣ್ಣದೊಂದು ಸದ್ದು ಬಂತು. ಕಟ್ಟಿಗೆ ಕಲ್ಲಿಗೆ ಬಡಿದ ಸದ್ದು. ಮೂರು ಸಲ. ಯಾರೋ ಒಳಗಿಂದ ಲಟ್ಟಣಿಗೆಯಲ್ಲಿ ಬಡಿಯುತ್ತಿದ್ದರು.

ಐವತ್ತೆಂಟು ಗಂಡಸರು ಒಟ್ಟಿಗೆ ಕೂಗಿದ್ದಕ್ಕೆ ನನ್ನ ಕಿವಿ ಗುಂಯ್ ಅಂದಿತು. ನಾನು ಮೇಜಿನ ಮೇಲೆ ತಲೆಯಿಟ್ಟೆ. ಪಕ್ಕದ ಕುರ್ಚಿಯ ಹುಡುಗಿ ನನ್ನ ಕರೆಗಳನ್ನು ತನ್ನ ಕಡೆ ತಿರುಗಿಸಿಕೊಂಡಳು.

ಹೊತ್ತು ಮುಳುಗುವುದರೊಳಗೆ ಇಪ್ಪತ್ತೊಂದು ಮಂದಿಯನ್ನು ಜೀವಸಹಿತ ತೆಗೆದರು. ಶಿವಲೀಲಾಳ ಒಂದು ಕೈ ಜಜ್ಜಿಹೋಗಿತ್ತು. ಲಾಲಬಿ ಚಾಚಿ ಮತ್ತು ಹೊಸದಾಗಿ ಮದುವೆಯಾಗಿ ಬಂದಿದ್ದ ಈರಮ್ಮ ಮೆಟ್ಟಿಲ ಹತ್ತಿರ ಇದ್ದರಂತೆ. ಅವರಿಬ್ಬರೂ ಹೋದರು. ಬಿಳಿಗುಂಡಕ್ಕೆ ಹೋದ ಯಂತ್ರ ಅಲ್ಲಿ ಆರು ಮಂದಿಯನ್ನು ಉಳಿಸಿತು. ಅದನ್ನೂ ಹೇಳಬೇಕು. ನಮ್ಮೂರಿಗೇ ಬಂದಿದ್ದರೆ ಅದರ ಭಾರಕ್ಕೆ ಕಮಾನು ಕುಸಿಯುತ್ತಿತ್ತು ಎಂದು ಬಂಡೆಪ್ಪ ಹೇಳುತ್ತಾನೆ. ಇರಬಹುದು, ಇಲ್ಲದಿರಬಹುದು.

ಬದುಕಿದ ಮೇಲೆ ಬದುಕಬೇಕಲ್ಲ. ನಮ್ಮೂರ ಕಷ್ಟ ಅಲ್ಲಿಂದ ಶುರುವಾಯಿತು. ಡೇರೆ, ಹಿಟ್ಟು, ನೀರಿನ ಟ್ಯಾಂಕರು, ಎಲ್ಲವನ್ನೂ ಹಂಚುವುದು ಮಿಡಿತವೇ. ನಂಬಿಕೆಯ ಅಂಕ ನಾಲ್ಕಿರುವ ಊರಿಗೆ ಎಲ್ಲರಿಗೂ ಕೊಟ್ಟು ಉಳಿದರೆ ಬರುತ್ತದೆ. ಉಳಿಯುತ್ತಿರಲಿಲ್ಲ. ನನ್ನನ್ನು ಕೆಲಸದಿಂದ ನಿಲ್ಲಿಸಿದ್ದರು. ನಾನು ಊರಿಗೆ ಹೋಗಿ ತಂಗಿಯ ಜೊತೆ ಚೀಲ ಹೊಲಿದು ಮಾಡಿದ ಚಪ್ಪರದಡಿ ಇದ್ದೆ. ಐದನೇ ದಿನ ಬಿಳಿಗುಂಡದವರು ಎರಡು ಎತ್ತಿನ ಗಾಡಿಯಲ್ಲಿ ತಮ್ಮ ಪಾಲಿನ ಅರ್ಧ ಹಿಟ್ಟು ಹೇರಿಕೊಂಡು ಹೊಲದ ದಾರಿಯಿಂದ ಬಂದರು. ಮುಂದಿನ ಗಾಡಿಯಲ್ಲಿದ್ದ ಮುದುಕ ಇಳಿದು, "ನಿಮ್ಮ ಯಂತ್ರ ನಮ್ಮ ಕಡಿ ಬಂದಿತ್ತು. ಅದಕ್ಕ ಬಂದೀವಿ," ಅಂದ. ಬೇರೆ ಮಾತಾಡಲಿಲ್ಲ. ಊರಿಗೆಲ್ಲ ಒಂದೇ ಒಲೆ ಹಚ್ಚಿದೆವು. ಗಣಿಯವರು ವಾಡೆಯ ಕಲ್ಲನ್ನೇ ಹೊತ್ತು ತಂದು ಊರ ನಡುವೆ ನೆಲಕ್ಕೆ ಇಳಿಯುವ ಒಂದು ದೊಡ್ಡ ಖೋಲಿಗೆ ಅಡಿಪಾಯ ತೋಡಿದರು. ತಂಪಿಗೆ ಬೇಕಲ್ಲ. ಈ ಸಲ ನಡುವೆ ಮರದ ಕಂಬ, ಎರಡು ಬಾಗಿಲು, ಹಗುರ ಮಾಡು.

ಹತ್ತೊಂಬತ್ತನೇ ದಿನ ನನಗೆ ಕರೆ ಬಂತು. ವಿಚಾರಣೆಗೆ ಬರಬೇಕು. ಪಟ್ಟಿ ಬಿಚ್ಚಿದವರ ಹೆಸರು ಕೊಟ್ಟರೆ ಊರಿನ ಅಂಕ ಮೇಲೆತ್ತುತ್ತಾರಂತೆ.

ಆ ಸಂಜೆ ಒಲೆಯ ಸುತ್ತ ದೊಡ್ಡ ಜಗಳವೇ ಆಯಿತು.

"ನಂದು ಮೊದಲು ಬರಿ," ಅಂದಳು ಶಿವಲೀಲಾ. ಕೈ ಪಟ್ಟಿಯಲ್ಲಿತ್ತು, ದವಾಖಾನೆಯ ಬಟ್ಟೆಯ ಪಟ್ಟಿ. "ನಾನೇ ಎಲ್ಲಾರಿಗಿ ಕಲಿಸಿದ್ದು."

"ನೀ ಏನ್ ಕಲಿಸ್ತೀ? ಆಡಿಗಿ ಮೊದಲು ಕಟ್ಟಿದ್ದು ನಾನು!" ಅಂದಳು ಎದುರು ಮನೆಯ ಕಾಶೀಬಾಯಿ.

ಮಾಳಪ್ಪ ಕೋಲು ಊರಿ ಎದ್ದ. "ಎಲ್ಲಾರದೂ ಬಿಡ್ರಿ. ಆಡು ನಂದು, ಕಿವಿ ನನ್ನ ಆಡಿಂದು. ನನ್ನ ಹೆಸರು ಬರೀರಿ. ನನಗ ಹಿಂದ ಮುಂದ ಯಾರೂ ಇಲ್ಲ."

"ಹೆಸರು ಕೊಟ್ರ ಆ ಮಂದಿಗಿ ಜೀವ ಇರೋತನಕ ರೇಷನ್ ಇಲ್ಲ, ಮನಿ ಇಲ್ಲ," ಎಂದೆ. "ಗೊತ್ತದೇನು?"

"ಗೊತ್ತದ," ಅಂದಳು ಶಿವಲೀಲಾ. "ಉಳಿದವರಿಗಾದ್ರೂ ಸಿಗ್ತದಲ್ಲಕ್ಕ. ಮಕ್ಕಳು ಅದಾವ."

ಮರುದಿನ ಬಂಡೆಪ್ಪ ಟ್ರ್ಯಾಕ್ಟರಿನಲ್ಲಿ ನನ್ನನ್ನು ಜಿಲ್ಲಾ ಕೇಂದ್ರಕ್ಕೆ ಕರೆದುಕೊಂಡು ಹೋದ. ಅವನು ಕೆಳಗೆ ನಿಂತ. ಮೇಲೆ ಸುಧನ್ವ ಸಾಹೇಬರು ಮತ್ತು ನಾನು ನೋಡಿರದ ಇಬ್ಬರು ಅಧಿಕಾರಿಗಳು ಕುಂತಿದ್ದರು. ಸಾಹೇಬರು ಸೊರಗಿದ್ದರು. ಹತ್ತೊಂಬತ್ತು ದಿನ ಮನೆಗೆ ಹೋಗಿಲ್ಲ ಎಂದು ಕಾಣುತ್ತಿತ್ತು. ನನ್ನ ಮುಂದೆ ಒಂದು ಕಾಗದ ಇಟ್ಟರು.

"ಇಪ್ಪತ್ಮೂರು ಹೆಸರು, ಆಮೇಲೆ ಆಡು ಕಾಯೋವನದು ಬರೀರಿ. ಸಹಿ ಮಾಡಿದರೆ ನಾಳಿದ್ದು ಡೇರೆ ಬರುತ್ತೆ, ಟ್ಯಾಂಕರ್ ಬರುತ್ತೆ. ನಿಮ್ಮ ಕೆಲಸಾನೂ ವಾಪಸ್ ಕೊಡಿಸಿದೀನಿ. ಇವರ ಹತ್ತಿರ ಜಗಳ ಆಡಿ ಕೊಡಿಸಿದೀನಿ."

"ಇಪ್ಪತ್ಮೂರರಾಗ ಇಬ್ಬರು ಸತ್ತಾರ."

"ದಾಖಲೆಗೆ ಅವರ ಹೆಸರೂ ಬೇಕು," ಅಂದರು ಒಬ್ಬ ಅಧಿಕಾರಿ.

ಇನ್ನೊಬ್ಬರು ಮೇಜಿನ ಮೇಲೆ ಒಂದು ಹೊಸ ಪಟ್ಟಿ ಇಟ್ಟರು. ನಡುವೆ ಉಕ್ಕಿನ ಎಳೆ ಇತ್ತು. "ಇದು ಬಿಚ್ಚೋಕೆ ಬರಲ್ಲ. ಬೀಗ ನಮ್ಮ ಕೇಂದ್ರದಲ್ಲಿ ಇರುತ್ತೆ. ಇನ್ನು ಮೇಲೆ ಇಂಥ ತಪ್ಪು ಯಾರಿಂದಲೂ ಆಗಲ್ಲ. ಆದರೆ ಹೆಂಗಸರು ಹಾಕಿಸ್ಕೊಳ್ಳೋಕೆ ಹಿಂಜರಿತಾರೆ. ನಿಮ್ಮ ಮಾತು ಕೇಳ್ತಾರೆ. ಮೊದಲು ತೊಗರಿಹಾಳದಿಂದ ಶುರು ಮಾಡಿ."

ನಾನು ಅದನ್ನು ಕೈಯಲ್ಲಿ ಹಿಡಿದು ನೋಡಿದೆ. ಭಾರ ಇರಲಿಲ್ಲ. ಮೇಜಿನ ಮೇಲೆ ವಾಪಸ್ ಇಟ್ಟೆ.

"ಸಾಹೇಬ್ರ, ನಮ್ಮೂರಾಗ ನೂರಾ ಮೂವತ್ತು ಮಂದಿ ಅದಾರ. ಒಬ್ಬರು ಕಾಲ ಮ್ಯಾಲ ನಡಕೊಂಡು ಬರ್ರಿ. ಎಣಿಸ್ರಿ. ಹೆಸರು ಕೇಳ್ರಿ, ಮುಖ ನೋಡ್ರಿ. ಅರ್ಧ ದಿನದ ಕೆಲಸ."

"ಮುನ್ನೂರು ಹಳ್ಳಿ ಇದೆ ಜಗದೇವಿ."

"ಹಂಗಾದ್ರ ಮುನ್ನೂರು ಅರ್ಧ ದಿನ."

"ಅಷ್ಟು ಜನ ಎಲ್ಲಿದಾರೆ?"

"ಐವತ್ತೆಂಟು ಮಂದಿ ಗೋಲಿನ ಮುಂದ ನಿಂತಿದ್ರು ಅವತ್ತು. ಜೀವ ಉಳಿಸೋದು ಅವರಿಗಿ ಬರ್ತಿತ್ತು. ಅವರನ್ನ ಇದ್ದಲ್ಲೇ ಇರ್ರಿ ಅಂತ ನಿಲ್ಲಿಸಿದವರು ಯಾರು? ಮಂದಿ ಇಲ್ಲ ಅನಬ್ಯಾಡ್ರಿ. ಮಂದಿ ಇದ್ರು. ನೀವು ಎಣಿಸಲಿಲ್ಲ."

ಸಾಹೇಬರು ಕಣ್ಣು ಉಜ್ಜಿಕೊಂಡರು. "ನಾನು ನಿಮ್ಮ ವೈರಿ ಅಲ್ಲ."

"ಅಲ್ಲ. ಅದಕ್ಕೇ ನಿಮಗ ಹೇಳ್ಲಿಕತ್ತೀನಿ. ಇವರಿಗಾದ್ರ ಹೇಳ್ತಿದ್ದಿಲ್ಲ."

"ಸಹಿ ಮಾಡ್ತೀರೋ ಇಲ್ಲವೋ?" ಅಂದರು ಮೊದಲಿನ ಅಧಿಕಾರಿ. "ಮಾಡದಿದ್ದರೆ ನಿಮ್ಮೂರಿಗೆ ಡೇರೆ ಇಲ್ಲ. ಮಳೆಗಾಲ ಬರ್ತಿದೆ."

"ಬರಲಿ. ಕಲ್ಲು ನಮ್ಮಲ್ಲಿ ಅದಾವ, ಕಟ್ಟೋರೂ ಅದಾರ. ಸತ್ತವರ ಮ್ಯಾಲ ನಾ ಚಾಡಿ ಬರ್ದು ಕೊಡಂಗಿಲ್ಲ, ಬದುಕಿದವರ ಕೈಗಿ ಬೀಗ ಹಾಕಂಗಿಲ್ಲ. ಒಂದು ಹೆಸರು ಬೇಕಾದ್ರ ನಂದು ಬರಕೊಳ್ರಿ. ಗೊತ್ತಿದ್ದೂ ಸಹಿ ಮಾಡಿದಾಕಿ ನಾನು."

ಕಾಗದವನ್ನು ಅವರ ಕಡೆ ಸರಿಸಿ ಎದ್ದೆ. ಯಾರೋ ಕೂತ್ಕೊಳ್ಳಿ ಎಂದರು. ಬಾಗಿಲು ತೆಗೆದು ಹೊರಗೆ ಬಂದೆ. ಮೆಟ್ಟಿಲು ಇಳಿಯುವಾಗ ಹಿಂದೆ ಸಾಹೇಬರ ಬೂಟಿನ ಸದ್ದು ಕೇಳಿಸಿತು. ಅವರು ಮೇಲಿನ ಮೆಟ್ಟಿಲಲ್ಲೇ ನಿಂತು, "ಜಗದೇವಿ, ನಾಳೆ ಬನ್ನಿ, ನಾವಿಬ್ಬರೇ ಮಾತಾಡೋಣ," ಎಂದು ಕೂಗಿದರು.

ಬಂಡೆಪ್ಪ ಟ್ರ್ಯಾಕ್ಟರ್ ಶುರು ಮಾಡಿಯೇ ಇಟ್ಟಿದ್ದ.

"ಏನಂದ್ರು ಅಕ್ಕಾ?"

"ನಡಿ. ಅಡಿಪಾಯ ಅರ್ಧಕ್ಕ ಬಿಟ್ಟು ಬಂದೀವಿ."

ಸಾಹೇಬರು ಹೇಳಿದ ಆ ನಾಳೆ ಬಂತು. ಅದರ ಮರುದಿನವೂ ಬಂತು. ನಾನು ಹೋಗಲಿಲ್ಲ.